3×3ರ ಸ್ಟಾಲ್: ಪೀಣ್ಯದ ಜಾಬ್‌ಶಾಪ್ ಬಿಐಇಸಿ ಮೇಳಕ್ಕೆ ಹೋಗುವ ಬಗೆ

ಬೇರೆಯವರ ಡ್ರಾಯಿಂಗಿಗೆ ಟರ್ನಿಂಗ್, ಮಿಲ್ಲಿಂಗ್ (ಲೋಹ ಕಡಿದು ಪಾರ್ಟ್ ಮಾಡುವ ಕೆಲಸ) ಮಾಡಿಕೊಡುವ ನಮ್ಮಂಥ ಜಾಬ್‌ಶಾಪುಗಳಿಗೆ ಮೇಳದಲ್ಲಿ ತೋರಿಸಲು ಸ್ವಂತದ್ದೆಂಬ ಉತ್ಪನ್ನವೇ ಇರುವುದಿಲ್ಲ. ಪಂಪ್ ಮಾಡುವವನು ಪಂಪ್ ತಂದಿಡುತ್ತಾನೆ, ಮಸಾಲೆ ಮಾಡುವವನು ಪೊಟ್ಟಣ ಬಿಚ್ಚಿ ಮೂಸಲು ಕೊಡುತ್ತಾನೆ. ನಾವು ಮಾರುವುದು ಮಷೀನಿನ ಗಂಟೆ ಮತ್ತು ಅಳತೆಯ ನಂಬಿಕೆ. ಹಾಗಾಗಿ ಸ್ಟಾಲ್ ಹಾಕುವ ಉದ್ದೇಶ ಒಂದೇ: ಕೈಯಲ್ಲಿ ಡ್ರಾಯಿಂಗ್ ಇಟ್ಟುಕೊಂಡು ಸಪ್ಲೈಯರ್ ಹುಡುಕುತ್ತಿರುವವರನ್ನು ಹಿಡಿಯುವುದು. ಜಾಗ, ಬೋರ್ಡು, ಜನ, ಬಂದವರ ಜತೆ ಆಡಿದ ಮಾತು ಬರೆದಿಡುವ ಚೀಟಿ, ಎಲ್ಲವನ್ನೂ ಈ ಲೆಕ್ಕದಿಂದಲೇ ನಿರ್ಧರಿಸಬೇಕು. ಹೆಚ್ಚಿನವರು ಹಣವನ್ನೆಲ್ಲ ಗೋಡೆಗೆ ಸುರಿದು, ಚೀಟಿಗೆ ಒಂದು ಬಿಳಿ ನೋಟ್‌ಬುಕ್ ಇಟ್ಟು ಮುಗಿಸುತ್ತಾರೆ.

ಮೊದಲ ಪ್ರಶ್ನೆ ಯಾವ ಮೇಳ ಎಂಬುದು. ತುಮಕೂರು ರಸ್ತೆಯ ಮಾದಾವರದಲ್ಲಿರುವ ಬಿಐಇಸಿ (ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರ) ಪೀಣ್ಯದವರಿಗೆ ಮನೆ ಅಂಗಳವಿದ್ದಂತೆ. ಅಲ್ಲಿ ಮೇಳಗಳಿಗೂ ಕೊರತೆಯಿಲ್ಲ. ಎಲ್ಲರಿಗೂ ಗೊತ್ತಿರುವುದು ಮಷೀನ್ ಟೂಲ್ ತಯಾರಕರ ಸಂಘ ಐಎಂಟಿಎಂಎ ನಡೆಸುವ ಇಮ್‌ಟೆಕ್ಸ್. ಜನವರಿಯಲ್ಲಿ ಬರುತ್ತದೆ, 2023, 2025ರಲ್ಲಿ ಲೋಹ ಕಡಿಯುವ ಮಷೀನುಗಳದ್ದು ನಡೆಯಿತು, 2024ರಲ್ಲಿ ಫಾರ್ಮಿಂಗ್, ಅಂದರೆ ಲೋಹವನ್ನು ಒತ್ತಿ ಬಾಗಿಸುವ ಮಷೀನುಗಳದ್ದು. ಜನಸಾಗರ ನೋಡಿ ಅಲ್ಲೇ ಸ್ಟಾಲ್ ಹಾಕೋಣ ಅನ್ನಿಸುವುದು ಸಹಜ. ಆದರೆ ಆ ಜನ ಬಂದಿರುವುದು ಮಷೀನ್ ಕೊಳ್ಳಲು. ಪ್ರೊಡಕ್ಷನ್ ಮ್ಯಾನೇಜರ್, ಟೂಲ್‌ರೂಮಿನವರು, ಮೇಂಟೆನೆನ್ಸಿನವರು ಸಿಗುತ್ತಾರೆ. ಪಾರ್ಟ್ ಹೊರಗೆ ಮಾಡಿಸುವ ಪರ್ಚೇಸಿನವರು ಕಡಿಮೆ. ಫಿಕ್ಸ್‌ಚರ್, ಗೇಜ್, ಸ್ಪಿಂಡಲ್ ರಿಪೇರಿ ಮಾಡುವವರಿಗೆ ಅದು ಚಿನ್ನದ ಜಾಗ. ಪಾರ್ಟ್ ಮಾಡುವವರಿಗೆ ದೊಡ್ಡ ಕಂಪನಿಗಳು ಸಪ್ಲೈಯರ್ ಹುಡುಕುವ ವೆಂಡರ್ ಡೆವಲಪ್‌ಮೆಂಟ್ ಮೇಳಗಳು, ಇಲ್ಲವೇ ಹೈಡ್ರಾಲಿಕ್ಸ್, ವೈದ್ಯಕೀಯ ಉಪಕರಣ, ಏರೋಸ್ಪೇಸ್ ಎಂದು ಒಂದೇ ವಲಯಕ್ಕೆ ಮೀಸಲಾದ ಸಣ್ಣ ಮೇಳಗಳು ಲೇಸು. ಆಯೋಜಕರು ಹೇಳುವ ಒಟ್ಟು ಸಂದರ್ಶಕರ ಸಂಖ್ಯೆಗೆ ಬೆಲೆ ಕೊಡಬೇಡಿ. ಅದರಲ್ಲಿ ಪರ್ಚೇಸ್, ಸೋರ್ಸಿಂಗ್, ಡಿಸೈನ್ ವಿಭಾಗದವರು ಎಷ್ಟು, ಯಾವ ಉದ್ಯಮದವರು ಎಂಬ ಹಿಂದಿನ ವರ್ಷದ ವಿಂಗಡಣೆ ಕೇಳಿ. ಕೊಡದಿದ್ದರೆ ಅದೇ ಉತ್ತರ ಅಂದುಕೊಳ್ಳಿ. ಒಂದು ಸಲ ಸಂದರ್ಶಕರಾಗಿ ಹೋಗಿ ನೋಡುವುದಂತೂ ಕಡ್ಡಾಯ. 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೂ ಬರುತ್ತಿದೆ, ಖರ್ಚು ಒಂದು ಟಿಕೆಟ್ ಅಷ್ಟೇ.

ಬುಕ್ಕಿಂಗನ್ನು ಆರೆಂಟು ತಿಂಗಳು ಮೊದಲೇ ಮಾಡಬೇಕು. ಫ್ಲೋರ್ ಪ್ಲಾನ್ ಕಳಿಸಿ ಎಂದು ಕೇಳಿ, ಅದನ್ನು ಅಳೆದು ಸುರಿದು ನೋಡಿ. ಮುಖ್ಯದ್ವಾರದ ಪಕ್ಕದ ಜಾಗ ದುಬಾರಿ, ಆದರೆ ಒಳಗೆ ಬಂದವರು ಮೊದಲ ಹತ್ತಿಪ್ಪತ್ತು ಮೀಟರನ್ನು ಬ್ಯಾಡ್ಜ್ ಸರಿಮಾಡಿಕೊಳ್ಳುತ್ತಾ ದಾಟಿಬಿಡುತ್ತಾರೆ. ದೊಡ್ಡ ಕಂಪನಿಯ ಪೆವಿಲಿಯನ್ನಿನ ಎದುರು ಜನವೇನೋ ಇರುತ್ತದೆ, ಜತೆಗೆ ಅವರ ಮೈಕಿನ ಗದ್ದಲವೂ. ನಿಮ್ಮ ಮಾತು ನಿಮಗೇ ಕೇಳದು. ಶೌಚಾಲಯ, ಫುಡ್ ಕೋರ್ಟಿಗೆ ಹೋಗುವ ದಾರಿಯನ್ನು ಎಲ್ಲರೂ ಬೇಡವೆನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಒಳ್ಳೆಯ ಜಾಗ, ಯಾಕೆಂದರೆ ಪ್ರತಿಯೊಬ್ಬನೂ ದಿನಕ್ಕೆ ಎರಡು ಸಲವಾದರೂ ಅಲ್ಲಿ ನಡೆಯುತ್ತಾನೆ. ಬೇಡವಾದದ್ದು ಮುಂದೆ ದಾರಿಯಿಲ್ಲದ ಮೂಲೆ. ಪ್ಲಾನಿನಲ್ಲಿ ಸಣ್ಣ ಕಪ್ಪು ಚೌಕ ಕಂಡರೆ ಅದು ಕಂಬ ಇರಬಹುದು. ಫೈರ್ ಹೈಡ್ರೆಂಟ್ ಎದುರಿನ ಸ್ಟಾಲ್ ಎಂದರೆ ಮುಂದೆ ಏನೂ ಇಡುವಂತಿಲ್ಲ. ಎರಡು ಬದಿ ತೆರೆದಿರುವ ಕಾರ್ನರ್ ಸ್ಟಾಲಿಗೆ ಹೆಚ್ಚುವರಿ ದರ ಹಾಕುತ್ತಾರೆ. 9 ಚದರ ಮೀಟರಿನಂಥ ಪುಟ್ಟ ಜಾಗಕ್ಕೆ ಆ ಹೆಚ್ಚುವರಿ ಕೊಡುವುದು ಸರಿ. ಮೂರು ಮೀಟರ್ ಮುಖ ಆರು ಮೀಟರ್ ಆಗುತ್ತದೆ. 18 ಚದರ ಮೀಟರ್ ತೆಗೆದುಕೊಂಡು ಅರ್ಧ ಖಾಲಿ ಬಿಡುವುದಕ್ಕಿಂತ 9ರ ಕಾರ್ನರ್ ಮೇಲು.

ಖರ್ಚಿನ ಅಂದಾಜಿಗೆ ಒಂದು ಸುಲಭ ಸೂತ್ರವಿದೆ: ಜಾಗದ ಬಾಡಿಗೆಯ ಮೂರು ಪಟ್ಟು. ಚದರ ಮೀಟರಿಗೆ 10,000 ರೂ. ಎಂದಿಟ್ಟುಕೊಂಡರೆ 9 ಮೀಟರಿಗೆ 90,000. ಅದರ ಮೇಲೆ ಶೇ. 18 ಜಿಎಸ್‌ಟಿ 16,200 ರೂ.; ಇನ್‌ವಾಯ್ಸಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಸರಿಯಾಗಿದ್ದರೆ ಇದು ಇನ್‌ಪುಟ್ ಕ್ರೆಡಿಟ್ಟಿಗೆ (ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು) ಬರುತ್ತದೆ, ಆದ್ದರಿಂದ ಪ್ರೊಫಾರ್ಮಾ (ಕರಡು ಬಿಲ್) ಬಂದಾಗಲೇ ಸಂಖ್ಯೆ ಓದಿ ನೋಡಿ. ಉಳಿದ 1,80,000 ಗ್ರಾಫಿಕ್ಸ್, ಹೆಚ್ಚುವರಿ ಕರೆಂಟ್, ಶೋಕೇಸ್ ಬಾಡಿಗೆ, ಸಾಗಣೆ, ಊಟ, ಓಡಾಟ, ಮುದ್ರಣ, ಮುಖ್ಯವಾಗಿ ಮೂರು ಜನ ಅಷ್ಟು ದಿನ ಶಾಪ್ ಬಿಟ್ಟದ್ದರ ಸಂಬಳಕ್ಕೆ. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಯೋಜನೆಯಲ್ಲಿ ಸ್ಟಾಲ್ ಬಾಡಿಗೆಯ ಒಂದು ಪಾಲು ಮರಳಿ ಸಿಗುವ ಅವಕಾಶವಿದೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳಾ ಉದ್ಯಮಿಗಳಿಗೆ ಪಾಲು ಹೆಚ್ಚು. ಉದ್ಯಮ್ ನೋಂದಣಿ ಬೇಕು. ಅನುಮೋದಿತ ಮೇಳಗಳ ಪಟ್ಟಿಯಲ್ಲಿ ನಿಮ್ಮ ಮೇಳ ಇದೆಯೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಿ. ಬ್ಯಾಂಕಿನ ಮೂಲಕ ಪಾವತಿ, ಅಲಾಟ್‌ಮೆಂಟ್ ಪತ್ರ, ಸ್ಟಾಲಿನಲ್ಲಿ ನೀವೇ ನಿಂತಿರುವ ಫೋಟೊ ಎಲ್ಲ ಜೋಪಾನ ಮಾಡಿಡಿ. ಹಣ ಬರುವುದು ತಡವಾಗಿ. ಬಂದರೆ ಬಂತು ಎಂದುಕೊಂಡೇ ಬಜೆಟ್ ಹಾಕಬೇಕು.

ಆಮೇಲೆ ಬರುವುದು ಎಕ್ಸಿಬಿಟರ್ ಮ್ಯಾನ್ಯುಯಲ್ ಎಂಬ ದಪ್ಪ ಪಿಡಿಎಫ್. ಅದರಲ್ಲಿರುವ ಪ್ರತಿ ಫಾರ್ಮಿಗೂ ಒಂದೊಂದು ಕೊನೆಯ ದಿನಾಂಕ, ದಾಟಿದರೆ ಸರ್‌ಚಾರ್ಜ್. ಫೇಸಿಯಾ ಹೆಸರಿನ ಫಾರ್ಮಿನಲ್ಲಿ ನೀವು ಟೈಪ್ ಮಾಡಿದ ಹಾಗೆಯೇ ಸ್ಟಾಲಿನ ಹಣೆಯ ಮೇಲೆ ಅಕ್ಷರ ಬರುತ್ತದೆ, ಒಂದಕ್ಷರ ತಪ್ಪಿದರೂ ಹಾಗೇ. ‘ಪ್ರೈವೇಟ್ ಲಿಮಿಟೆಡ್’ ಬಿಟ್ಟರೆ ಅಕ್ಷರ ದೊಡ್ಡದಾಗುತ್ತದೆ. ಸಾಮಾನ್ಯ ಶೆಲ್ ಸ್ಕೀಮಿನಲ್ಲಿ, ಅಂದರೆ ಆಯೋಜಕರೇ ಕಟ್ಟಿಕೊಡುವ ಸ್ಟಾಲಿನಲ್ಲಿ, ಸಿಗುವುದು ಅಷ್ಟಕ್ಕಷ್ಟೆ: ಆಕ್ಟೊನಾರ್ಮ್ (ಅಲ್ಯೂಮಿನಿಯಂ ಕಂಬಕ್ಕೆ ಸಿಕ್ಕಿಸುವ) ಪ್ಯಾನೆಲ್ಲಿನ ಗೋಡೆ, ತೆಳು ಕಾರ್ಪೆಟ್, ಒಂದು ಟೇಬಲ್, ಎರಡು ಕುರ್ಚಿ, ಎರಡು ಮೂರು ಸ್ಪಾಟ್‌ಲೈಟ್, ಒಂದು 5 ಆಂಪಿಯರ್ ಪ್ಲಗ್, ಒಂದು ಕಸದ ಬುಟ್ಟಿ. ಚಾಲೂ ಮಷೀನ್ ಇಡುವುದಾದರೆ ತ್ರೀ ಫೇಸ್ ಕನೆಕ್ಷನ್ ಮತ್ತು ಕಂಪ್ರೆಸ್ಡ್ ಏರ್ ಬೇರೆ ಬೇರೆ ಫಾರ್ಮ್. ಮೇಳಕ್ಕೆ ಮೊದಲು ಮಷೀನ್ ಓಡಿಸಿ ನೋಡಲು ಬೇಕಾದ ತಾತ್ಕಾಲಿಕ ಕರೆಂಟ್ ಮತ್ತೊಂದು ಫಾರ್ಮ್. ಇದನ್ನು ಮರೆತವರು ಉದ್ಘಾಟನೆಯ ಬೆಳಗ್ಗೆ ಮೊದಲ ಸಲ ಮಷೀನ್ ಆನ್ ಮಾಡುತ್ತಾರೆ. ಹಾಲ್ ಒಳಗೆ ಫೋರ್ಕ್‌ಲಿಫ್ಟ್, ಕ್ರೇನ್ ಎಲ್ಲ ಆಯೋಜಕರು ನೇಮಿಸಿದ ಏಜೆಂಟರದ್ದೇ, ಹೊರಗಿನವರಿಗೆ ಪ್ರವೇಶವಿಲ್ಲ. ಜಾಬ್‌ಶಾಪಿಗೆ ಮಷೀನ್ ಒಯ್ಯುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಟ್ಯಾಬ್ಲೆಟ್ಟಿನಲ್ಲಿ ಒಂದೂವರೆ ನಿಮಿಷದ ಶಾಪ್ ಫ್ಲೋರ್ ವಿಡಿಯೊ ಸಾಕು. ಅದರಲ್ಲಿ ಮಷೀನಿಗಿಂತ ಇನ್ಸ್‌ಪೆಕ್ಷನ್ ರೂಮ್ ಹೆಚ್ಚು ಕಾಣಲಿ.

ಸಾಮಾನು ಸಾಗಿಸಲು ಟ್ಯಾಕ್ಸ್ ಇನ್‌ವಾಯ್ಸ್ ಬೇಕಿಲ್ಲ, ಮಾರುತ್ತಿಲ್ಲವಲ್ಲ. ಡೆಲಿವರಿ ಚಲನ್ ಮೂರು ಪ್ರತಿ ಮಾಡಿ, ಮೌಲ್ಯ ಬರೆದು, ಕಾರಣದ ಕಡೆ ‘ಪ್ರದರ್ಶನಕ್ಕೆ, ಮಾರಾಟಕ್ಕಲ್ಲ, ಮರಳಿ ತರಲಾಗುವುದು’ ಎಂದು ನಮೂದಿಸಬೇಕು. ಮೌಲ್ಯ 50,000 ದಾಟಿದರೆ ಇ-ವೇ ಬಿಲ್; ಅದರಲ್ಲಿ ಪ್ರದರ್ಶನ ಅಥವಾ ಮೇಳ ಎಂಬ ಆಯ್ಕೆಯೇ ಇದೆ. ವಾಪಸು ತರುವಾಗಲೂ ಕಾಗದ ಬೇಕು ಎಂಬುದನ್ನು ಮರೆಯಬಾರದು. ಹೊರರಾಜ್ಯದ ಮೇಳದಲ್ಲಿ ಕೈಗೆ ಸಾಮಾನು ಕೊಟ್ಟು ಹಣ ತೆಗೆದುಕೊಳ್ಳುವವರು ಅಲ್ಲಿ ತಾತ್ಕಾಲಿಕ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗುತ್ತದೆ. ವಿದೇಶಕ್ಕೆ ಒಯ್ದು ತರುವವರಿಗೆ ಉದ್ಯಮಿಗಳ ಸಂಘ ಫಿಕ್ಕಿ ಕೊಡುವ ಎಟಿಎ ಕಾರ್ನೆಟ್ ಎಂಬ ಕಸ್ಟಮ್ಸ್ ಪತ್ರ ಇದೆ. ಅವೆರಡೂ ಬೇರೆ ಪಾಠಗಳು.

ಇನ್ನು ಪಾರ್ಟುಗಳ ವಿಷಯ. ಇಲ್ಲೇ ಹೆಚ್ಚು ಹೊತ್ತು ಕಳೆಯಬೇಕಾದದ್ದು. ಶಾಪಿನಲ್ಲಿ ಸಿಕ್ಕಿದ ಅರವತ್ತು ಪಾರ್ಟ್ ತಂದು ಮೇಜಿನ ಮೇಲೆ ಹರಡಿದರೆ ಅದು ಗುಜರಿ ಅಂಗಡಿಯಾಗುತ್ತದೆ. ಹತ್ತೋ ಹನ್ನೆರಡೋ ಸಾಕು, ಆದರೆ ಒಂದೊಂದೂ ಒಂದೊಂದು ವಿಷಯ ಹೇಳಬೇಕು: ಒಂದು ಉದ್ದ ಮತ್ತು ಸಣಕಲು ಶಾಫ್ಟ್, ಒಂದು ತೆಳು ಗೋಡೆಯ ಬುಶ್, ಒಂದು ಆಳವಾದ ಸಣ್ಣ ರಂಧ್ರ, ಒಂದು ಕಷ್ಟದ ಥ್ರೆಡ್, ಒಂದು ಎಸ್‌ಎಸ್ 316 (ಸ್ಟೇನ್‌ಲೆಸ್ ಸ್ಟೀಲ್), ಒಂದು ಹಿತ್ತಾಳೆ, ಒಂದು ಅಲ್ಯೂಮಿನಿಯಂ. ಪ್ರತಿಯೊಂದರ ಕೆಳಗೆ ವಿಸಿಟಿಂಗ್ ಕಾರ್ಡಿನಷ್ಟು ಚೀಟಿ. ಅದರಲ್ಲಿ ಮೆಟೀರಿಯಲ್ ಗ್ರೇಡ್, ಅತಿ ಬಿಗಿಯಾದ ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ), ಅದು ಯಾವ ಅಳತೆಗೆ, ತಿಂಗಳಿಗೆ ಎಷ್ಟು ಪೀಸ್ ಮಾಡುತ್ತೇವೆ, ಯಾವುದರಿಂದ ಅಳೆಯುತ್ತೇವೆ. ‘ಹೈ ಪ್ರಿಸಿಷನ್ ಕಾಂಪೊನೆಂಟ್’ ಎಂದು ಬರೆದರೆ ಯಾರೂ ನಿಲ್ಲುವುದಿಲ್ಲ. ‘ಇಎನ್ 8, ಬೋರ್ 12 ಮಿ.ಮೀ., 18 ಮೈಕ್ರಾನ್ ಒಳಗೆ, ತಿಂಗಳಿಗೆ 8,000’ ಎಂದು ಬರೆದರೆ ಕ್ವಾಲಿಟಿಯವನು ನಿಂತು ಜೇಬಿನಿಂದ ಕನ್ನಡಕ ತೆಗೆಯುತ್ತಾನೆ. ಆ ಅಳತೆ ನಿಜವಾಗಿರಬೇಕು. ‘ಇದರ ರಿಪೋರ್ಟ್ ಇದೆಯಾ’ ಎಂದು ಕೇಳುವವರೇ ನಿಮಗೆ ಬೇಕಾದ ಗಿರಾಕಿ, ಹಾಗಾಗಿ ಇನ್ಸ್‌ಪೆಕ್ಷನ್ ರಿಪೋರ್ಟ್ ಒಂದು ಫೈಲಿನಲ್ಲಿ ಅದೇ ಕ್ರಮದಲ್ಲಿರಲಿ.

ಗಿರಾಕಿಯ ಪಾರ್ಟ್ ಇಡುವ ಮೊದಲು ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಗೋಪ್ಯತೆಯ ಒಪ್ಪಂದ ಸಹಿ ಹಾಕಿದ್ದೇ ನೆನಪಿಲ್ಲದ ಶಾಪುಗಳು ಎಷ್ಟೋ. ಪಾರ್ಟ್ ನಂಬರ್ ಕೆತ್ತಿದ್ದರೆ ಅದು ಕಾಣದಂತೆ ತಿರುಗಿಸಿದರೆ ಸಾಲದು, ಜನ ಕೈಗೆತ್ತಿಕೊಂಡು ನೋಡುತ್ತಾರೆ. ಒಪ್ಪಿಗೆ ಸಿಗದಿದ್ದರೆ ನಿಮ್ಮದೇ ಡ್ರಾಯಿಂಗಿನ ಒಂದು ಡೆಮೊ ಪಾರ್ಟ್ ಮಾಡಿ, ನಿಮಗೆ ಗೊತ್ತಿರುವ ಕಷ್ಟಗಳನ್ನೆಲ್ಲ ಅದರಲ್ಲಿ ತುಂಬಿ.

ಕೈ ಬೆವರಿನ ಕಾಟ ಗೊತ್ತಿಲ್ಲದವರಿಗೆ ಎರಡನೇ ದಿನ ಗೊತ್ತಾಗುತ್ತದೆ. ಮೈಲ್ಡ್ ಸ್ಟೀಲ್, ಇಎನ್ 8 ಉಕ್ಕಿನ ಗ್ರೈಂಡ್ ಮಾಡಿದ ಮೈ ಮೇಲೆ ಬೆರಳಚ್ಚಿನ ಆಕಾರದಲ್ಲೇ ಕೆಂಪು ತುಕ್ಕು ಏಳುತ್ತದೆ, ಉಪ್ಪಿನಂಶದಿಂದ. ರಸ್ಟ್ ಪ್ರಿವೆಂಟಿವ್ ಎಣ್ಣೆ ದಪ್ಪ ಬಳಿದರೆ ಮುಟ್ಟಿದವರು ಕೈ ಒರೆಸಲು ಜಾಗ ಹುಡುಕುತ್ತಾರೆ. ಮುಟ್ಟಲು ಬಿಡುವಂಥವು ಸ್ಟೇನ್‌ಲೆಸ್, ಅಲ್ಯೂಮಿನಿಯಂ ಅಥವಾ ಪ್ಲೇಟಿಂಗ್ ಆದವು ಇರಲಿ. ಗ್ರೈಂಡ್ ಮಾಡಿದ ಕಬ್ಬಿಣದವನ್ನು ಅಕ್ರಿಲಿಕ್ ಡಬ್ಬಿಯೊಳಗಿಡಿ. ಹೊರಗಿಟ್ಟವನ್ನು ಪ್ರತಿ ಸಂಜೆ ತೆಳು ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ತುಕ್ಕು ತಡೆಯುವ ವಿಸಿಐ ಕಾಗದದಲ್ಲಿ ಸುತ್ತಿ, ಬೆಳಗ್ಗೆ ಒಣಬಟ್ಟೆಯಲ್ಲಿ ಒರೆಸಿ ಇಡಬೇಕು. ಐದು ನಿಮಿಷದ ಕೆಲಸ. ಬೆರಳ ತುದಿಯಷ್ಟಿರುವ ಹಿತ್ತಾಳೆ ಪಾರ್ಟುಗಳು ಮಧ್ಯಾಹ್ನದೊಳಗೆ ಮಾಯವಾಗುತ್ತವೆ, ಕದಿಯುವ ಉದ್ದೇಶದಿಂದಲ್ಲ, ನೋಡುತ್ತಾ ಜೇಬಿಗೆ ಬೀಳುತ್ತವೆ. ಅವನ್ನು ನೈಲಾನ್ ದಾರದಲ್ಲಿ ಕಟ್ಟಿ ಅಥವಾ ಎಪಾಕ್ಸಿಯಲ್ಲಿ ಹಲಗೆಗೆ ಅಂಟಿಸಿ. ಕೊಡುಗೆಯಾಗಿ ಪಾರ್ಟ್ ಕೊಡುವುದಾದರೆ ರಿಜೆಕ್ಟ್ ಡಬ್ಬಿಯಿಂದ ತೆಗೆದು ಕೊಡಬೇಡಿ. ಯಾರೋ ಒಬ್ಬ ಅದನ್ನು ಆಫೀಸಿಗೆ ಒಯ್ದು ಮೈಕ್ರೊಮೀಟರ್ ಹಿಡಿದೇ ಹಿಡಿಯುತ್ತಾನೆ.

ಗೋಡೆಯ ಮೇಲಿನ ಬರಹಕ್ಕೆ ಮೂರು ಸಾಲು ಸಾಕು: ಏನು ಮಾಡುತ್ತೀರಿ, ಯಾವ ಅಳತೆಯಿಂದ ಯಾವ ಅಳತೆವರೆಗೆ, ಯಾವ ಊರು. ಎದೆಮಟ್ಟಕ್ಕಿಂತ ಕೆಳಗೆ ಬರೆದದ್ದು ಜನ ನಿಂತಾಗ ಮುಚ್ಚಿಹೋಗುತ್ತದೆ. ಸಂಸ್ಥಾಪಕರ ಫೋಟೊ, ಗುಣಮಟ್ಟ ನೀತಿ, ಇಪ್ಪತ್ತು ಮಷೀನಿನ ಪಟ್ಟಿ, ಇವೆಲ್ಲ ಬ್ರೋಷರಿಗೆ. ಪ್ಯಾನೆಲ್ ಒಂದು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ ಎಂದು ಹೇಳುತ್ತಾರೆ, ಆದರೆ ಅಲ್ಯೂಮಿನಿಯಂ ಕಂಬ ಬಿಟ್ಟು ಕಾಣುವ ಭಾಗ ಅದಕ್ಕಿಂತ ಕಡಿಮೆ. ಕಾಣುವ ಅಳತೆಯ ಡ್ರಾಯಿಂಗ್ ತರಿಸಿಕೊಂಡು ನಂತರವೇ ಪ್ರಿಂಟಿಗೆ ಕೊಡಿ, ಇಲ್ಲದಿದ್ದರೆ ಎರಡು ಪ್ಯಾನೆಲ್ ಸೇರುವಲ್ಲಿ ಫೋನ್ ನಂಬರಿನ ಒಂದಂಕೆ ಕಂಬದೊಳಗೆ ಹೋಗುತ್ತದೆ. ಮೊಳೆ, ಸ್ಕ್ರೂ, ಬಣ್ಣ ಯಾವುದಕ್ಕೂ ಅನುಮತಿಯಿಲ್ಲ. ಪ್ಯಾನೆಲ್ ಹಾಳಾದರೆ ಡಿಪಾಸಿಟ್ಟಿನಿಂದ ಮುರಿದುಕೊಳ್ಳುತ್ತಾರೆ. ಡಬಲ್ ಸೈಡ್ ಫೋಮ್ ಟೇಪ್ ಮತ್ತು ಎಸ್ ಆಕಾರದ ಕೊಕ್ಕೆಗಳೇ ಗತಿ. ಪ್ರಿಂಟ್ ಅಂಟಿಸುವ ಹಗುರ ಹಲಗೆಯಾದ ಸನ್‌ಬೋರ್ಡನ್ನು ಬಿಸಿಲಲ್ಲಿ ನಿಂತ ಕಾರಿನ ಮೇಲೆ ಕಟ್ಟಿ ತಂದರೆ ಬಿಲ್ಲಿನ ಹಾಗೆ ಬಾಗುತ್ತದೆ.

ಬೆಳಕಿಗೆ ಪ್ರತ್ಯೇಕ ಗಮನ ಕೊಡಬೇಕು. ಸ್ಟಾಲಿನ ಸ್ಪಾಟ್‌ಲೈಟ್ ಗೋಡೆಗೆ ಬಿದ್ದು ಪಾರ್ಟ್ ಕತ್ತಲಲ್ಲಿರುತ್ತದೆ, ಇಲ್ಲವೇ ನೇರ ಬಿದ್ದು ಮಿನುಗಿ ಕಣ್ಣು ಕುಕ್ಕುತ್ತದೆ. ಶೋಕೇಸಿನ ಮೇಲ್ಗಡೆ ಮುಂಭಾಗದ ಅಂಚಿನಲ್ಲಿ ಡಿಫ್ಯೂಸರ್ ಇರುವ ಎಲ್‌ಇಡಿ ಪಟ್ಟಿ ಹಾಕಿದರೆ ಫಿನಿಶ್ ಚೆನ್ನಾಗಿ ಕಾಣುತ್ತದೆ. ಕೆಳಗೆ ಹೊಳೆಯದ ಬೂದು ಅಥವಾ ಕಪ್ಪು ಬಟ್ಟೆ.

ಟೇಬಲ್ಲನ್ನು ಮುಂದೆ ಅಡ್ಡ ಹಾಕಿ ಹಿಂದೆ ಕುಳಿತರೆ ಸ್ಟಾಲ್ ಆರ್‌ಟಿಒ ಕೌಂಟರ್ ಆಗುತ್ತದೆ. ಅದನ್ನು ಪಕ್ಕದ ಗೋಡೆಗೆ ಒತ್ತಿ, ದಾರಿಯ ಅಂಚಿಗೆ ಒಂದು ಮೀಟರ್ ಎತ್ತರದ, ನಿಂತು ಬರೆಯುವ ಕಿರಿದಾದ ಕೌಂಟರ್ ಇಡಿ. ಡ್ರಾಯಿಂಗ್ ಬಿಚ್ಚಲು ಎ3 ಕಾಗದ ಹಿಡಿಸುವಷ್ಟು ಖಾಲಿ ಜಾಗ ಎಲ್ಲಾದರೂ ಇರಲೇಬೇಕು. ಬ್ಯಾಗ್, ಡಬ್ಬಿ, ಊಟದ ಕ್ಯಾರಿಯರ್ ಟೇಬಲ್ ಬಟ್ಟೆಯ ಕೆಳಗೆ.

ಶೆಲ್ ಸ್ಟಾಲ್ ಸಾಮಾನ್ಯವಾಗಿ ಮೇಳದ ಹಿಂದಿನ ದಿನ ಕೈಗೆ ಸಿಗುತ್ತದೆ, ಅದೂ ಬಾಕಿ ಎಲ್ಲ ತೀರಿಸಿ ಪೊಸೆಷನ್ ಪತ್ರ ಪಡೆದ ಮೇಲೆ. ಆ ಹೊತ್ತಿಗೆ ಎಸಿ ಇರುವುದಿಲ್ಲ, ದಾರಿಯ ತುಂಬ ಪ್ಲೈವುಡ್ ಮತ್ತು ಧೂಳು. ಕಟ್ಟರ್, ಟೇಪು, ಅಳತೆಪಟ್ಟಿ, ಟೆಸ್ಟರ್, ಜಿಪ್ ಟೈ, ಮಾರ್ಕರ್, ಗಾಜು ಒರೆಸುವ ಬಟ್ಟೆ, ಐಎಸ್‌ಐ ಗುರುತಿನ ಎಕ್ಸ್‌ಟೆನ್ಷನ್ ಬೋರ್ಡ್, ಬೀಗ, ಸ್ಟೇಪ್ಲರ್ ಒಂದೇ ಡಬ್ಬಿಯಲ್ಲಿರಲಿ. ರಾತ್ರಿ ಹಾಲ್ ಮುಚ್ಚಿದ ಮೇಲೆ ಸ್ಟಾಲಿನ ಕರೆಂಟ್ ಕಡಿತವಾಗುವುದರಿಂದ ಟ್ಯಾಬ್ಲೆಟ್ ಅಲ್ಲೇ ಚಾರ್ಜಿಗೆ ಬಿಟ್ಟು ಬಂದರೆ ಉಪಯೋಗವಿಲ್ಲ.

ಒಂಬತ್ತು ಮೀಟರಿಗೆ ಮೂರು ಜನ ಬೇಕು. ಇಬ್ಬರು ಸ್ಟಾಲಿನಲ್ಲಿ, ಒಬ್ಬ ಹಾಲ್ ಸುತ್ತುತ್ತಾ. ಮೂರನೆಯವನ ಕೆಲಸ ಕಡಿಮೆಯದ್ದಲ್ಲ: ಅಲ್ಲಿ ಸ್ಟಾಲ್ ಹಾಕಿರುವ ಮಿಕ್ಕ ಕಂಪನಿಗಳೂ ಪಾರ್ಟ್ ಹೊರಗೆ ಮಾಡಿಸುತ್ತವೆ, ಬೆಳಗ್ಗೆ ಮೊದಲ ಒಂದು ಗಂಟೆ ಅವರೂ ಬಿಡುವಾಗಿರುತ್ತಾರೆ. ಬಾಡಿಗೆಗೆ ನಗುಮುಖದವರನ್ನು ನಿಲ್ಲಿಸುವುದಕ್ಕಿಂತ ಡ್ರಾಯಿಂಗ್ ಓದಿ ‘ಈ ರೇಡಿಯಸ್ ಕಷ್ಟ, 0.4 ಆದರೆ ಮಾಡಬಹುದು’ ಎಂದು ಹೇಳಬಲ್ಲ ಶಾಪಿನ ಹುಡುಗ ಸಾವಿರ ಪಾಲು ಮೇಲು. ಕಾರ್ಪೆಟ್ ಕೆಳಗಿರುವುದು ಕಾಂಕ್ರೀಟು. ಹೊಸ ಬೂಟು ಹಾಕಿಕೊಂಡು ಬಂದವರ ಮುಖ ಮೂರು ಗಂಟೆಗೆ ನೋಡಬೇಕು.

ದಾರಿಯಲ್ಲಿ ಹೋಗುವವರನ್ನು ‘ಬನ್ನಿ ಸರ್’ ಎಂದು ಕರೆದರೆ ‘ಸುಮ್ನೆ ನೋಡ್ತಿದೀನಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪಾರ್ಟ್ ಮೇಲೆ ಕಣ್ಣಿಟ್ಟು ನಿಧಾನ ಮಾಡಿದವರಿಗೆ ಮಾತ್ರ ಕೇಳಿ: ‘ಇಂಥದ್ದು ನೀವು ಒಳಗೇ ಮಾಡ್ತೀರಾ, ಹೊರಗೆ ಕೊಡ್ತೀರಾ?’ ಹೊರಗೆ ಎಂದರೆ ಮುಂದಿನ ಪ್ರಶ್ನೆ ಈಗಿನ ಸಪ್ಲೈಯರಿನಲ್ಲಿ ತೊಂದರೆ ಏನು ಎಂಬುದು. ತಡವಾಗುತ್ತದೋ, ರಿಜೆಕ್ಷನ್ನೋ, ಬೆಲೆಯೋ? ತಡ ಅಥವಾ ರಿಜೆಕ್ಷನ್ ಎಂದವರ ಹತ್ತಿರ ಕೂತು ಮಾತಾಡಿ. ಬರಿ ಬೆಲೆ ಎಂದವರು ನಾಳೆ ನಿಮ್ಮ ಬೆಲೆಯನ್ನು ಹಳೆ ಸಪ್ಲೈಯರಿಗೆ ತೋರಿಸಿ ಇಳಿಸಿಕೊಳ್ಳುತ್ತಾರೆ. ಡ್ರಾಯಿಂಗ್ ನೋಡಿದ ಕೂಡಲೇ ನಿಂತಲ್ಲೇ ರೇಟ್ ಹೇಳಬೇಡಿ.

ಮಾತು ಮುಗಿದ ಕೂಡಲೇ ಚೀಟಿ. ಎ5 ಅಳತೆಯ, ಕಾರ್ಬನ್ ಪ್ರತಿ ಬರುವ ಪುಸ್ತಕ ಮುದ್ರಿಸಿಕೊಂಡರೆ ಖರ್ಚು ಬ್ರೋಷರಿನ ಕಾಲು ಭಾಗ. ಅದರಲ್ಲಿ ಇರಬೇಕಾದದ್ದು: ವಿಸಿಟಿಂಗ್ ಕಾರ್ಡ್ ಪಿನ್ ಮಾಡುವ ಜಾಗ, ವಿಭಾಗ, ಪಾರ್ಟಿನ ಬಗೆ, ಮೆಟೀರಿಯಲ್, ಗರಿಷ್ಠ ವ್ಯಾಸ ಮತ್ತು ಉದ್ದ, ವರ್ಷಕ್ಕೆ ಎಷ್ಟು, ಈಗ ಎಲ್ಲಿ ಮಾಡಿಸುತ್ತಾರೆ, ನಾವು ಏನು ಕಳಿಸುತ್ತೇವೆಂದು ಹೇಳಿದೆವು, ಅವರು ಏನು ಕಳಿಸುತ್ತಾರೆ, ಮಾತಾಡಿದವರ ಸಹಿ, ಮೂಲೆಯಲ್ಲಿ ಎ, ಬಿ ಅಥವಾ ಸಿ. ಡ್ರಾಯಿಂಗ್ ಇದೆ ಮತ್ತು ತೊಂದರೆಯೂ ಇದೆ ಎಂದರೆ ಎ, ಕೆಲಸ ಇದೆ, ಅವಸರವಿಲ್ಲ ಎಂದರೆ ಬಿ, ಉಳಿದವು ಸಿ. ಆಯೋಜಕರ ಬ್ಯಾಡ್ಜ್ ಸ್ಕ್ಯಾನರ್ ಆ್ಯಪ್ ಹೆಸರು, ಫೋನ್ ಕೊಡುತ್ತದೆ, ಮಾತುಕತೆಯನ್ನು ಕೊಡುವುದಿಲ್ಲ. ಮೂರನೇ ದಿನದ ಹೊತ್ತಿಗೆ ಎಲ್ಲ ಮುಖಗಳೂ ಒಂದೇ ಆಗಿರುತ್ತವೆ. ಯಾರದೋ ಡ್ರಾಯಿಂಗಿನ ಫೋಟೊವನ್ನು ಕೇಳದೆ ಮೊಬೈಲಿನಲ್ಲಿ ತೆಗೆಯಬೇಡಿ. ಅವರೇ ಮೇಲ್ ಮಾಡಲಿ. ಮಾಡಿದರೆ ಆಸಕ್ತಿ ನಿಜ ಎಂದೂ ತಿಳಿಯುತ್ತದೆ.

ಸ್ಟಾಲಿಗೆ ಬರುವವರಲ್ಲಿ ಕೊಳ್ಳುವವರಿಗಿಂತ ಮಾರುವವರೇ ಜಾಸ್ತಿ: ಇನ್ಸರ್ಟ್, ಕೂಲಂಟ್, ಇಆರ್‌ಪಿ, ವಿಮೆ, ಸಾಲ. ಅವರಿಗೆ ಬೇರೆ ಡಬ್ಬಿಯಿಟ್ಟು ‘ಕಾರ್ಡ್ ಹಾಕಿ ಹೋಗಿ, ನಾವೇ ಕರೀತೀವಿ’ ಎಂದರೆ ಸಾಕು. ಕಾಲೇಜಿನ ಮಕ್ಕಳು ಗುಂಪಾಗಿ ಬಂದರೆ ಗದರಬೇಡಿ, ನಾಳೆ ಆಪರೇಟರ್ ಬೇಕಾದಾಗ ಅವರೇ ಬೇಕು. ಎಚ್ಚರ ಬೇಕಾದದ್ದು ಬೇರೆಡೆ. ಪ್ರದರ್ಶಕರ ಪಟ್ಟಿಯಲ್ಲಿ ಹೆಸರು ಬಂದ ಕೂಡಲೇ ‘ನಿಮ್ಮ ವಿವರ ಉಚಿತವಾಗಿ ತಿದ್ದಿಕೊಳ್ಳಿ’ ಎಂಬ ವಿದೇಶಿ ಡೈರೆಕ್ಟರಿಯ ಫಾರ್ಮ್ ಬರುತ್ತದೆ. ಸಹಿ ಹಾಕುವ ಜಾಗದ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಮೂರು ವರ್ಷದ ಶುಲ್ಕ ಯೂರೊದಲ್ಲಿರುತ್ತದೆ. ‘ಸಂದರ್ಶಕರ ಪೂರ್ತಿ ಇಮೇಲ್ ಪಟ್ಟಿ ಮಾರಾಟಕ್ಕಿದೆ’ ಎಂಬ ಮೇಲ್, ‘ಅಧಿಕೃತ ಹೋಟೆಲ್ ಬುಕ್ಕಿಂಗ್’ ಎಂಬ ಕರೆ, ಎರಡೂ ಅದೇ ಜಾತಿಯವು. ಮ್ಯಾನ್ಯುಯಲ್ಲಿನಲ್ಲಿ ಹೆಸರಿಲ್ಲದ ಯಾರಿಗೂ ಹಣ, ಸಹಿ ಕೊಡಬೇಡಿ.

ಕೊನೆಯ ದಿನ ಮಧ್ಯಾಹ್ನ ಅಕ್ಕಪಕ್ಕದವರು ಪ್ಯಾಕಿಂಗ್ ಶುರುಮಾಡುತ್ತಾರೆ. ಮೇಳ ಮುಗಿಯುವ ಮೊದಲೇ ಕಟ್ಟಬಾರದೆಂಬ ನಿಯಮ ಇದ್ದೇ ಇದೆ, ಜತೆಗೆ ಅವಸರವಿಲ್ಲದೆ ಮಾತಾಡಲು ಬರುವವರು ಆ ಹೊತ್ತಿಗೇ ಬರುವುದುಂಟು. ಕಳ್ಳತನ ಹೆಚ್ಚಾಗುವುದೂ ಬಿಚ್ಚುವ ಸಂಜೆಯಲ್ಲೇ: ಎಲ್ಲರೂ ಕೂಲಿಯವರಂತೆ ಕಾಣುತ್ತಾರೆ, ಡಬ್ಬಿ ಎತ್ತಿಕೊಂಡು ಹೋಗುವವನನ್ನು ಯಾರೂ ಕೇಳುವುದಿಲ್ಲ. ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮತ್ತು ಚೀಟಿ ಪುಸ್ತಕ ಮೊದಲು ಕಾರಿಗೆ ಸೇರಲಿ. ಸಾಮಾನು ಹೊರಗೆ ಹೋಗಲು ಸೀಲ್ ಬಿದ್ದ ಗೇಟ್ ಪಾಸ್ ಬೇಕು. ಅದನ್ನು ಬೆಳಗ್ಗೆಯೇ ಮಾಡಿಸಿಟ್ಟುಕೊಂಡವರು ಊಟದ ಹೊತ್ತಿಗೆ ಮನೆ ಸೇರುತ್ತಾರೆ, ಉಳಿದವರು ಲಾರಿ ಸಾಲಿನಲ್ಲಿ.

ಅಸಲು ಕೆಲಸ ಮರುದಿನದಿಂದ. ಅಷ್ಟು ದಿನ ಶಾಪ್ ಬಿಟ್ಟು ಬಂದಿರುತ್ತೀರಿ, ಡಿಸ್ಪ್ಯಾಚ್ ಬಾಕಿ, ಮಷೀನ್ ಬ್ರೇಕ್‌ಡೌನ್, ಚೀಟಿ ಪುಸ್ತಕ ಡ್ರಾಯರ್ ಸೇರುತ್ತದೆ. ಇದು ಎಲ್ಲ ಶಾಪಿನ ಕತೆ. ಅದಕ್ಕೆ ಪರಿಹಾರ ಮೇಳಕ್ಕೆ ಮೊದಲೇ ಆಗಬೇಕು: ಮೇಳ ಮುಗಿದ ವಾರದಲ್ಲಿ ಎಸ್ಟಿಮೇಶನ್ ಮಾಡುವವರಿಗೆ ಬೇರೆ ಕೆಲಸ ಹಚ್ಚದಿರುವುದು. ಪ್ರತಿ ಸಂಜೆ ಚೀಟಿಗಳ ಕಾರ್ಬನ್ ಪ್ರತಿಯನ್ನು ಎಕ್ಸೆಲ್ ಶೀಟಿಗೆ ಹಾಕಿ, ಎ ಗುರುತಿನವರಿಗೆ ಅದೇ ರಾತ್ರಿ ಎರಡು ಸಾಲಿನ ಮೇಲ್: ಏನು ಮಾತಾಡಿದೆವು, ಯಾವ ಡ್ರಾಯಿಂಗ್ ಕಾಯುತ್ತಿದ್ದೇವೆ. ಡ್ರಾಯಿಂಗ್ ಬಂದರೆ ವಾರದೊಳಗೆ ಕೊಟೇಶನ್, ಆಗದ ಕೆಲಸವಾದರೆ ಎರಡೇ ದಿನದಲ್ಲಿ ‘ನಮ್ಮಿಂದ ಆಗುವುದಿಲ್ಲ’. ಬೇಗ ಇಲ್ಲ ಎಂದವರನ್ನು ಪರ್ಚೇಸಿನವರು ಮರೆಯುವುದಿಲ್ಲ, ಮುಂದಿನ ಡ್ರಾಯಿಂಗ್ ಕಳಿಸುತ್ತಾರೆ. ಬಿ ಗುರುತಿನವರಿಗೆ ಹತ್ತು ದಿನದೊಳಗೆ ಫೋನ್.

ಆಮೇಲೆ ಸ್ಯಾಂಪಲ್, ಅಳತೆ ರಿಪೋರ್ಟ್, ಅವರ ಕ್ವಾಲಿಟಿಯವರ ಆಡಿಟ್, ವೆಂಡರ್ ಕೋಡ್. ಆಟೊಮೊಬೈಲಿನವರಾದರೆ ಪಾರ್ಟಿಗೆ ಒಪ್ಪಿಗೆ ಪಡೆಯುವ ಪಿಪಿಎಪಿ ಕಡತವೂ. ಮೊದಲ ನಿಜವಾದ ಪಿಒ (ಪರ್ಚೇಸ್ ಆರ್ಡರ್) ಬರಲು ಆರರಿಂದ ಒಂಬತ್ತು ತಿಂಗಳು ಹಿಡಿಯುವುದು ಮಾಮೂಲು. ಹಾಗಾಗಿ ಮೇಳ ಮುಗಿದ ತಿಂಗಳೊಳಗೆ ‘ಹಾಕಿದ ದುಡ್ಡು ಬಂತಾ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಆಗ ಅಳೆಯಬಹುದಾದದ್ದು ಬೇರೆ: 2,70,000 ಖರ್ಚಿನಲ್ಲಿ ಎ ಮತ್ತು ಬಿ ಸೇರಿ 45 ಚೀಟಿ ಬಂದಿದ್ದರೆ ಒಂದಕ್ಕೆ 6,000 ರೂ. ಬಿದ್ದಿದೆ, ಅದರಲ್ಲಿ ಎಷ್ಟಕ್ಕೆ ಡ್ರಾಯಿಂಗ್ ಬಂತು, ಎಷ್ಟಕ್ಕೆ ಕೊಟೇಶನ್ ಹೋಯಿತು. ಡ್ರಾಯಿಂಗೇ ಬರದಿದ್ದರೆ ಮೇಳದ ಆಯ್ಕೆ ತಪ್ಪಿದೆ ಅಥವಾ ಸ್ಟಾಲಿನಲ್ಲಿ ಕೇಳಬೇಕಾದದ್ದನ್ನು ಕೇಳಿಲ್ಲ. ಕೊಟೇಶನ್ ಹೋಗಿ ಆರ್ಡರ್ ಬರದಿದ್ದರೆ ತೊಂದರೆ ನಿಮ್ಮ ರೇಟಿನಲ್ಲೋ ಮಷೀನಿನಲ್ಲೋ ಇದೆ, ಅದನ್ನು ಸ್ಟಾಲ್ ದೊಡ್ಡದು ಮಾಡಿ ಸರಿಪಡಿಸಲಾಗದು. ಆಯೋಜಕರು ಮುಂದಿನ ಆವೃತ್ತಿಗೆ ಇದೇ ಜಾಗ, ರಿಯಾಯಿತಿ ದರ ಎಂದು ಮೇಳದ ಕೊನೆಯ ದಿನವೇ ಫಾರ್ಮ್ ಹಿಡಿದು ಬರುತ್ತಾರೆ. ಅಂದು ಯಾವ ಅಂಕಿಯೂ ಕೈಯಲ್ಲಿರುವುದಿಲ್ಲ; ಮುಂಗಡ ಇಲ್ಲದೆ ಜಾಗ ಕಾದಿರಿಸುವುದಾದರೆ ಸರಿ, ಇಲ್ಲದಿದ್ದರೆ ಶೀಟಿನಲ್ಲಿ ಕೊಟೇಶನ್ನಿನ ಕಾಲಂ ತುಂಬುವವರೆಗೆ ಕಾಯಲು ಹೇಳಿ.